ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಒಬ್ಬ ಪಂಚರ್ ಅಂಗಡಿಯವನ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮತ್ತು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಅಧ್ಯಕ್ಷರು, ಸದಸ್ಯರಿಗೆ,

ವಿಷಯ: ಸ್ಟೇಷನ್, ಬಸ್ ಸ್ಟ್ಯಾಂಡಲ್ಲಿ ಭಿಕ್ಷೆ ಬೇಡುವ ಹದಿಹರೆಯದ ಮಕ್ಕಳ ಮನಸ್ಸಿನ ಆರೋಗ್ಯ, ಮತ್ತೆ ಅವರ ಭಾಷೆಯಲ್ಲಿ ಮಾತಾಡುವ ಜನ ಬೇಕು ಅನ್ನುವ ಬಗ್ಗೆ.

ಮಾನ್ಯರೇ, ಸವಿನಯ ನಮಸ್ಕಾರ.

ನಾನು ಕುಂಬಳೆ ಮಂಜೇಶ್ವರ ಮಧ್ಯೆ ಹೈವೇ ಬದಿಯಲ್ಲಿ ಪಂಚರ್ ಅಂಗಡಿ ಇಟ್ಕೊಂಡವ. ಇಪ್ಪತ್ತೆರಡು ವರ್ಷ ಆಯ್ತು. ಮೊದಲು ಅಂಗಡಿ ರೋಡಿಗೇ ತಾಗಿಕೊಂಡಿತ್ತು, ಹೈವೇ ಆರು ಲೇನ್ ಮಾಡುವಾಗ ಹಿಂದೆ ಸರೀಬೇಕಾಯ್ತು, ಈಗ ಸರ್ವಿಸ್ ರೋಡಿನ ಬದಿ ಉಂಟು, ಅಲ್ಲಿಂದ ರೈಲ್ವೆ ಸ್ಟೇಷನ್ನಿಗೆ ನಡ್ಕೊಂಡು ಹೋದ್ರೆ ಐದು ನಿಮಿಷ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವ ನಾನು, ಮಲಯಾಳ ಮಾತಾಡ್ಲಿಕ್ಕೆ ಬರ್ತದೆ, ಬರೀಲಿಕ್ಕೆ ಬರುದಿಲ್ಲ, ಹಾಗಾಗಿ ಕನ್ನಡದಲ್ಲೇ ಬರೀತಿದ್ದೇನೆ. ಸಂವಿಧಾನದ 350ನೇ ವಿಧಿಯಲ್ಲಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದ್ರೂ ಅಹವಾಲು ಕೊಡಬಹುದು ಅಂತ ಉಂಟಲ್ಲ, ಆ ಧೈರ್ಯದಲ್ಲಿ. ಭಾಷೆಯ ವಿಷಯ ಮೊದಲೇ ಎತ್ತಿದ್ದಕ್ಕೆ ಕಾರಣ ಉಂಟು, ಮುಂದೆ ಓದುವಾಗ ನಿಮಗೇ ಗೊತ್ತಾಗ್ತದೆ.

ಹೇಳ್ಬೇಕಾದ್ದು ಒಬ್ಬ ಹುಡುಗನ ಕತೆ. ಅವನ ಹೆಸರಾಗಲಿ ಊರಾಗಲಿ ಬರಿಯುದಿಲ್ಲ, ಬಾಲ ನ್ಯಾಯ ಕಾಯ್ದೆ ಪ್ರಕಾರ ಬರೀಲಿಕ್ಕೂ ಇಲ್ಲ.

ಅವನನ್ನು ಮೊದಲು ನೋಡಿದ್ದು ಸುಮಾರು ಎಂಟು ವರ್ಷದ ಹಿಂದೆ. ಏಳು ವರ್ಷ ಆಗಿರಬಹುದು ಆಗ. ಒಬ್ಬಳು ಹೆಂಗಸು, ಅವಳ ಸೊಂಟದಲ್ಲಿ ಒಂದು ಮಗು, ಇವ ಪಕ್ಕದಲ್ಲಿ, ಕೈಯಲ್ಲಿ ದೇವರ ಫೋಟೋ ಇಟ್ಟ ಸ್ಟೀಲ್ ತಟ್ಟೆ. ಆ ಹೆಂಗಸು ಅವನ ತಾಯಿಯೋ ಅಲ್ಲವೋ ನಂಗೆ ಇವತ್ತಿಗೂ ಗೊತ್ತಿಲ್ಲ. ಸೊಂಟದ ಮಗು ಯಾವಾಗ ನೋಡಿದ್ರೂ ನಿದ್ದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಲಾರಿಗಳ ಹಾರ್ನ್, ಆ ಸೆಕೆಯಲ್ಲಿ ಯಾವ ಮಗು ಹಾಗೆ ಮಲಗ್ತದೆ ಹೇಳಿ? ನನ್ನ ಹೆಂಡತಿ ಒಮ್ಮೆ ಅಂಗಡಿಗೆ ಊಟ ತಂದವಳು ಅದನ್ನು ನೋಡಿ, ಇದು ಸರಿಯಾದ ನಿದ್ದೆ ಅಲ್ಲ ಅಂದ್ಲು. ನಾನು ಎರಡು ರೂಪಾಯಿ ತಟ್ಟೆಗೆ ಹಾಕಿ ಕೆಲಸ ನೋಡ್ಕೊಂಡೆ. ಆ ದಿನ ನಾನು ಮಾಡಿದ್ದು ಅಷ್ಟೇ.

ಜಾತ್ರೆ ಸೀಸನ್, ಉರೂಸ್ ಸೀಸನ್, ರಂಜಾನ್ ತಿಂಗಳು ಬಂದ್ರೆ ಅವರು ಬರ್ತಾರೆ, ಮಳೆ ಹಿಡಿದ್ರೆ ಎಲ್ಲಿಗೋ ಹೋಗ್ತಾರೆ. ಹೀಗೆ ನಾಲ್ಕೈದು ವರ್ಷ ನೋಡಿದ್ದೇನೆ. ಆಮೇಲೆ ಹೆಂಗಸು ಬರುದು ನಿಂತಿತು, ಹುಡುಗ ಒಬ್ಬನೇ ಉಳಿದ. ಹನ್ನೆರಡು ಹದಿಮೂರಾಯ್ತು, ಸ್ವರ ಒಡೀತು, ಮೇಲ್ತುಟಿಯಲ್ಲಿ ಕಪ್ಪು ಮೂಡಿತು. ಅಲ್ಲಿಂದ ಅವನಿಗೆ ಚಿಲ್ಲರೆ ಬೀಳುದು ನಿಂತೇ ಹೋಯ್ತು. ಸಣ್ಣವ ಇರುವಾಗ ತಲೆ ಸವರಿ ಹತ್ತು ರೂಪಾಯಿ ಕೊಟ್ಟ ಜನವೇ ಈಗ "ಗಟ್ಟಿಮುಟ್ಟಾಗಿದ್ದೀಯಲ್ಲ, ದುಡಿದು ತಿನ್ಲಿಕ್ಕೆ ಎಂತ ರೋಗ" ಅಂತ ಬೈಯ್ಲಿಕ್ಕೆ ಸುರು ಮಾಡಿದ್ರು. ನಾನೂ ಬೈದಿದ್ದೇನೆ, ಸುಳ್ಳು ಹೇಳುದಿಲ್ಲ. ಐದಾರು ವರ್ಷ ಬೇಡುದೊಂದೇ ಕಲಿಸಿ, ಶಾಲೆ ಮೆಟ್ಟಿಲು ತೋರಿಸದೆ, ಮೀಸೆ ಬಂದ ದಿನ ಕೆಲಸ ಮಾಡು ಅಂದ್ರೆ ಅವ ಎಂತ ಕೆಲಸ ಮಾಡ್ಬೇಕು, ಯಾರು ಕೊಡ್ತಾರೆ, ನಾನೇ ಅಂಗಡಿಗೆ ಸೇರಿಸಿಕೊಳ್ತಿದ್ದೆನಾ? ಹದಿನಾಲ್ಕು ತುಂಬದವನನ್ನು ಕೆಲಸಕ್ಕೆ ಇಟ್ಕೊಳ್ಳಿಕ್ಕೂ ಇಲ್ಲ, ಅದಕ್ಕೆ ಬೇರೆ ಕಾನೂನು ಉಂಟು.

ಹೆಣ್ಣುಮಕ್ಕಳ ವಿಷಯ ಇನ್ನೂ ಭಯ. ಅವರು ಆ ಪ್ರಾಯಕ್ಕೆ ರಸ್ತೆಯಲ್ಲಿ ಕಾಣುದೇ ಇಲ್ಲ. ತಟ್ಟೆ ಹಿಡ್ಕೊಂಡು ಬರ್ತಿದ್ದ ಒಬ್ಬಳು ಹುಡುಗಿ ಇದ್ದಳು, ಕಿವಿಗೆ ಕೆಂಪು ದಾರ ಕಟ್ಟಿದವಳು, ಒಂದು ವರ್ಷದಿಂದ ಇಲ್ಲ. ಎಲ್ಲಿ ಹೋದ್ಲು ಅಂತ ಯಾರೂ ಕೇಳಿಲ್ಲ. ಕೇಳುದಾದ್ರೂ ಯಾರ ಹತ್ರ?

ಹುಡುಗನ ವಿಷಯಕ್ಕೆ ಬರ್ತೇನೆ. ಚಿಲ್ಲರೆ ನಿಂತ ಮೇಲೆ ಅವ ಕುಂಟ್ಲಿಕ್ಕೆ ಸುರು ಮಾಡಿದ. ಎಡಗಾಲಿಗೆ ಬಟ್ಟೆ ಸುತ್ತಿ, ಪ್ಲಾಟ್‌ಫಾರ್ಮ್‌ನಲ್ಲಿ ಕಾಲೆಳೆದುಕೊಂಡು ನಡಿಯುದು. ಕೆಲವು ದಿನ ಮೂಕನ ಹಾಗೆ ಬಾಯಿ ಮುಚ್ಚಿ ಕೈಸನ್ನೆ. ಜನಕ್ಕೆ ಇದು ನಾಟಕ ಅಂತ ಗೊತ್ತಾಗಿ ಇನ್ನಷ್ಟು ಸಿಟ್ಟು ಬಂತು, ಒಬ್ಬರು ಆಟೋದವರು ಆ ಬಟ್ಟೆ ಕಿತ್ತು ಬಿಸಾಡಿ ಎಲ್ಲರೆದುರು ಓಡಿಸಿದ್ರು. ನಾನು ಯಕ್ಷಗಾನ ನೋಡಿ ಬೆಳೆದವ, ನಮ್ಮ ಕುಂಬಳೆ ಸೀಮೆಯಲ್ಲಿ ಅದು ಇಲ್ಲದ ಮನೆ ಇಲ್ಲ. ರಾತ್ರಿಯಿಡೀ ರಾಕ್ಷಸ ಆದವ ಬೆಳಿಗ್ಗೆ ಚೌಕಿಗೆ, ಅಂದ್ರೆ ವೇಷ ಕಟ್ಟುವ ಜಾಗಕ್ಕೆ ಬಂದು ಎಣ್ಣೆ ಹಚ್ಚಿ ಬಣ್ಣ ತೆಗೀತಾನೆ, ಚಾ ಕುಡೀತಾನೆ, ಮನೆಗೆ ಹೋಗ್ತಾನೆ. ಈ ಹುಡುಗನಿಗೆ ಚೌಕಿ ಅಂತ ಒಂದು ಇಲ್ಲ. ಒಂದು ದಿನ ಸ್ಟೇಷನ್ ಹಿಂದೆ ಯಾರೂ ಇಲ್ಲದ ಕಡೆ ಅವ ಒಬ್ಬನೇ ಹೋಗುದು ಕಂಡೆ, ಆಗಲೂ ಕಾಲೆಳೀತಿದ್ದ.

ಸುಮಾರು ಎರಡು ವರ್ಷದ ಹಿಂದೆ ಅವ ಮೊದಲ ಸಲ ಅಂಗಡಿ ಒಳಗೆ ಬಂದ. "ಅಣ್ಣಾರ, ಸಲೂಷನ್ ಐತೇನ್ರಿ?" ಅಂತ ಕೇಳಿದ. ಮಾತು ಬಳ್ಳಾರಿ ರಾಯಚೂರು ಕಡೆಯದ್ದು. ಕನ್ನಡದ ಹುಡುಗ ಅಂತ ನಂಗೆ ಆವಾಗಲೇ ಗೊತ್ತಾದ್ದು, ಅಷ್ಟು ವರ್ಷ ತಟ್ಟೆ ನೋಡಿದ್ದೇನೆ ಹೊರತು ಅವನ ಮಾತು ಕೇಳಿರಲಿಲ್ಲ. ಎಂತಕ್ಕೆ ಅಂತ ಕೇಳಿದ್ದಕ್ಕೆ "ಗೆಳ್ಯಾನ ಸೈಕಲ್ ಪಂಚರ್ ಆಗೈತ್ರಿ" ಅಂದ. ಸೊಲ್ಯೂಷನ್ ಅಂದ್ರೆ ಪಂಚರಿಗೆ ಪ್ಯಾಚ್ ಹಾಕುವ ಅಂಟು, ಅದರದ್ದು ಒಂದು ಸಣ್ಣ ಟ್ಯೂಬ್ ಕೊಟ್ಟೆ. ಎರಡು ದಿನ ಬಿಟ್ಟು ಮತ್ತೆ ಬಂದ. ಮತ್ತೆ ಬಂದ. ಐದಾರು ಸಲ ಕೊಟ್ಟಿದ್ದೇನೆ ಮಾನ್ಯರೇ, ನನ್ನ ಕೈಯಾರೆ. ಅಷ್ಟು ಸಲ ಪಂಚರ್ ಆಗುವ ಸೈಕಲನ್ನು ಒಮ್ಮೆಯಾದ್ರೂ ಇಲ್ಲಿಗೆ ತಾ ಅಂತ ಹೇಳ್ಬೇಕಿತ್ತು ನಾನು, ವ್ಯಾಪಾರದ ಗಡಿಬಿಡಿಯಲ್ಲಿ ಹೇಳಲಿಲ್ಲ. ಆಮೇಲೆ ಸ್ಟೇಷನ್ನಿನ ಪೋರ್ಟರ್ ಒಬ್ಬರು ಹೇಳಿದ್ರು, ಅವ ಅದನ್ನು ಮೂಸುದು ಅಂತ. ಅವತ್ತು ರಾತ್ರಿ ನಂಗೆ ಊಟ ಸೇರಲಿಲ್ಲ.

ಮುಂದಿನ ಸಲ ಬಂದಾಗ ಕೊಡುದಿಲ್ಲ ಅಂದೆ, ಆದ್ರೆ ಓಡಿಸಲಿಲ್ಲ. ಜುಲೈ ತಿಂಗಳು, ಜೋರು ಮಳೆ, ಒಳಗೆ ಕೂತ್ಕೋ ಅಂತ ಹೇಳಿ ಚಾ, ಬನ್ ತರಿಸಿದೆ. ಅವ ಹಳೆ ಟೈರಿನ ಮೇಲೆ ಕೂತು ತಿನ್ತಿದ್ದ. ನನ್ನ ಅಂಗಡಿಯ ಕಂಪ್ರೆಸರ್ ಆಟೋಮ್ಯಾಟಿಕ್, ಗಾಳಿ ಕಮ್ಮಿ ಆದ್ರೆ ತಾನೇ ಆನ್ ಆಗ್ತದೆ, ದೊಡ್ಡ ಶಬ್ದ. ಅದು ಆನ್ ಆದ್ದೇ ಆ ಹುಡುಗ ಬನ್ ಬಿಸಾಡಿ ಎರಡು ಕೈಯಲ್ಲಿ ತಲೆ ಮುಚ್ಚಿ ಮೊಣಕಾಲಿನ ಮಧ್ಯೆ ಮುಖ ಹುಗಿದು ಕೂತುಬಿಟ್ಟ. ಮಿಷನ್ ಮಾರಾಯ, ಎಂತ ಇಲ್ಲ ಅಂತ ಎಷ್ಟು ಹೇಳಿದ್ರೂ ಕೈ ತೆಗೀಲಿಲ್ಲ, ಸ್ವಿಚ್ ಆಫ್ ಮಾಡಿದ ಮೇಲೂ ತುಂಬ ಹೊತ್ತು ಹಾಗೇ ಇದ್ದ. ಅಂಗಿಯ ತೋಳು ಮೇಲೆ ಸರಿದಿತ್ತು. ಮೊಣಕೈ ಕೆಳಗೆ ಸಾಲಾಗಿ ಗೀರು, ಹಳೇದು, ಹೊಸದು. ಯಾರು ಮಾಡಿದ್ದು ಅಂತ ಕೇಳಿದೆ. "ಯಾರಿಲ್ರಿ, ನಾನ" ಅಂದ.

ಆಮೇಲೆ ಮಳೆ ಇದ್ದ ದಿನ ಎಲ್ಲ ಬಂದು ಕೂರ್ತಿದ್ದ. ಸ್ವಲ್ಪ ಸ್ವಲ್ಪ ಹೇಳಿದ. "ರಾತ್ರಿ ನಿದ್ದಿ ಹತ್ತಂಗಿಲ್ರಿ, ಕಣ್ಣ ಮುಚ್ಚಿದ್ರ ಯಾರೋ ಕಾಲ ಹಿಡದು ಎಳದಂಗ ಆಕ್ಕೈತ್ರಿ." ಅದಕ್ಕೇ ರಾತ್ರಿಯಿಡೀ ಎದ್ದಿದ್ದು ಹಗಲು ಬೆಂಚಿನ ಮೇಲೆ ಮಲಗುದು, ನಾವು ನೋಡುವವರು ಸೋಮಾರಿ ಅಂತ ಹೇಳುದು. ಸೊಲ್ಯೂಷನ್ ವಿಷಯ ಕೇಳಿದ್ದಕ್ಕೆ "ಅದನ್ನ ಮೂಸಿದ್ರ ಹಸಿವಿ ತಿಳಿಯಂಗಿಲ್ರಿ, ಅಂಜಿಕಿನೂ ಆಗಂಗಿಲ್ರಿ" ಅಂದ. ಹಸಿವಿಗೆ ಒಂದು, ಹೆದರಿಕೆಗೆ ಒಂದು ಮದ್ದು ಅಂತ ಅವ ಅದನ್ನು ತಿಳ್ಕೊಂಡಿದ್ದ.

ನನ್ನ ಅಕ್ಕನ ಮಗಳು ಮಂಗಳೂರಲ್ಲಿ ಸೈಕಾಲಜಿ ಓದ್ತಾಳೆ. ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮಾವ, ಅವನದ್ದು ಕೆಟ್ಟ ಬುದ್ಧಿ ಅಲ್ಲ, ಕಾಯಿಲೆ ಅಂದ್ಲು. ಪೆಟ್ಟು ತಿಂದು ತಿಂದು ಮೈಯೇ ಕಾವಲು ಕಾಯ್ಲಿಕ್ಕೆ ಕಲಿತಿರ್ತದಂತೆ, ಸಣ್ಣ ಶಬ್ದಕ್ಕೂ ಮೈ ತಾನಾಗೇ ಪೆಟ್ಟಿಗೆ ತಯಾರಾಗ್ತದಂತೆ, ಅಪಾಯ ಮುಗಿದು ವರ್ಷ ಆದ್ರೂ ಮೈಗೆ ಅದು ಗೊತ್ತಾಗುದಿಲ್ಲ. ಇವನಿಗೋ, ಅಪಾಯ ಮುಗೀಲೇ ಇಲ್ಲ. ಕೈ ಗೀರಿಕೊಳ್ಳುದನ್ನು ನಾವು ನಾಟಕ, ಬೆದರಿಕೆ ಅಂದ್ಕೊಳ್ತೇವೆ, ಅದು ಒಳಗಿನ ಸಂಕಟ ತಡೀಲಿಕ್ಕೆ ಆಗದೆ ಮಾಡುದಂತೆ. ದೊಡ್ಡವರಿಗೆ ಖಿನ್ನತೆ ಬಂದ್ರೆ ಮಂಕಾಗಿ ಕೂರ್ತಾರೆ, ಈ ಪ್ರಾಯದವರಲ್ಲಿ ಅದು ಎಷ್ಟೋ ಸಲ ಸಿಟ್ಟಾಗಿ ಹೊರಗೆ ಬರ್ತದಂತೆ, ಹಾಗಾಗಿ ನಮಗೆ ಪುಂಡ ಹುಡುಗ ಕಾಣ್ತಾನೆ, ದುಃಖ ಕಾಣುದಿಲ್ಲ. ಸೊಲ್ಯೂಷನ್, ಥಿನ್ನರ್‌ನಲ್ಲಿ ಇರುವ ಟೊಲುವೀನ್‌ನಂಥ ದ್ರಾವಕ ಉಂಟಲ್ಲ, ಅದು ಕ್ಷಣದಲ್ಲಿ ಮೆದುಳಿಗೆ ಏರ್ತದೆ, ವರ್ಷಗಟ್ಟಲೆ ಆದ್ರೆ ನೆನಪು, ನಡಿಗೆಯ ಹಿಡಿತ, ನರ ಎಲ್ಲ ಹಾಳು, ಮತ್ತೆ ಕೆಲವರಿಗೆ ಮೊದಲನೇ ಸಲಕ್ಕೇ ಹೃದಯ ನಿಂತು ಸಾವು ಬರಬಹುದು. ನಾನು ಇಪ್ಪತ್ತೆರಡು ವರ್ಷದಿಂದ ಅದರ ವಾಸನೆಯಲ್ಲೇ ಕೆಲಸ ಮಾಡುವವ, ಒಬ್ಬರೂ ಇದನ್ನು ನಂಗೆ ಹೇಳಿರಲಿಲ್ಲ. ಗಾಂಜಾ ಮಾರಿದ್ರೆ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾನೂನು ಹಿಡೀತದೆ, ಈ ಟ್ಯೂಬಿಗೆ ಅದು ತಾಗುದಿಲ್ಲ.

ಕಾನೂನು ಏನೂ ಇಲ್ಲ ಅಂತ ಅಲ್ಲ. ಆಮೇಲೆ ನಾನು ಕೂತು ಓದಿದೆ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಭಿಕ್ಷೆ ಬೇಡುವ, ರಸ್ತೆಯಲ್ಲಿ ಬದುಕುವ ಮಗು ತಪ್ಪಿತಸ್ಥ ಅಲ್ಲ, ರಕ್ಷಣೆ ಪೋಷಣೆ ಬೇಕಾದ ಮಗು. ಹದಿನೆಂಟು ತುಂಬುವವರೆಗೂ ಮಗುವೇ, ಮೀಸೆ ಬಂದ್ರೂ. ಸಿಕ್ಕಿದ 24 ಗಂಟೆ ಒಳಗೆ ಸಮಿತಿ ಎದುರು ಹಾಜರು ಮಾಡ್ಬೇಕು. ಮಗುವನ್ನು ಭಿಕ್ಷೆಗೆ ಹಚ್ಚಿದವರಿಗೆ 76ನೇ ಸೆಕ್ಷನ್‌ನಲ್ಲಿ ಐದು ವರ್ಷದವರೆಗೆ ಜೈಲು, 1 ಲಕ್ಷ ದಂಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಮನೆಮಠ ಇಲ್ಲದವರಿಗೆ ಕಾರ್ಡ್ ಇರಲಿ ಇಲ್ಲದಿರಲಿ ಸರ್ಕಾರಿ ವ್ಯವಸ್ಥೆಯಲ್ಲಿ ಮನಸ್ಸಿನ ಚಿಕಿತ್ಸೆ ಫ್ರೀ. ಕೇರಳದಲ್ಲಿ ಭಿಕ್ಷೆ ಬೇಡುವ, ದುಡಿಯುವ, ರಸ್ತೆಯಲ್ಲಿ ಇರುವ ಮಕ್ಕಳಿಗಾಗಿ ಶರಣಬಾಲ್ಯಂ ಅಂತ ಯೋಜನೆಯೂ ಉಂಟು. ಮತ್ತೆ ಈ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ದೇಶದಲ್ಲಿ 1996ರಿಂದ ನಡೀತಿದೆಯಲ್ಲ, ಅದಕ್ಕೆ ಮಾದರಿ ಆದದ್ದು ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಕೆಲಸ. ಈ ಹುಡುಗನ ಸೀಮೆಯಲ್ಲೇ ಹುಟ್ಟಿದ್ದು ಅದು. ಇಡೀ ದೇಶ ಸುತ್ತಿ ಬಂದ ಆ ಯೋಜನೆ ಇವನ ಹತ್ತಿರಕ್ಕೆ ಮಾತ್ರ ಬರಲಿಲ್ಲ ಅಂತ ಓದುವಾಗ ಹೊಟ್ಟೆ ಉರೀತದೆ.

ನಾನು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಬಂದ್ರು, ತಡ ಮಾಡಲಿಲ್ಲ, ಒಳ್ಳೆ ರೀತಿಯಲ್ಲೇ ಮಾತಾಡಿದ್ರು. ಹುಡುಗ ನನ್ನ ಅಂಗಿ ಹಿಡ್ಕೊಂಡು ಬಿಡಲಿಲ್ಲ, ಹಾಗಾಗಿ ನಾನೂ ಅಂಗಡಿ ಮುಚ್ಚಿ ಜೀಪಲ್ಲಿ ಹೋದೆ. ಹೋದದ್ದು ಯಾವ ಕಚೇರಿಗೆ ಅಂತ ಇಲ್ಲಿ ಹೇಳುದಿಲ್ಲ. ಅಲ್ಲಿದ್ದವರು ಕೆಟ್ಟವರಲ್ಲ, ಹುಡುಗನಿಗೆ ಚಾ ಕೊಟ್ರು, ಪರಿಪ್ಪುವಡೆ ಕೊಟ್ರು. ಆದ್ರೆ ಅಲ್ಲಿ ನಡೆದದ್ದು ಹೇಳ್ಲೇಬೇಕು, ಯಾಕಂದ್ರೆ ಅದು ಒಬ್ಬರ ತಪ್ಪಲ್ಲ, ಹೀಗೇ ನಡೀತಾ ಬಂದದ್ದು.

ಮೇಜಿನ ಆಚೆ ಒಬ್ಬರು ಫಾರಂ ಹಿಡ್ಕೊಂಡು "ಪೇರೆಂದಾ? ನಾಡ್ ಎವಿಡೆಯಾ?" ಅಂತ ಮಲಯಾಳದಲ್ಲಿ ಕೇಳಿದ್ರು. ಹುಡುಗ ಫ್ಯಾನ್ ನೋಡ್ತಾ ಕೂತ. ಹಿಂದಿಯಲ್ಲಿ ಕೇಳಿದ್ರು, ಅದೂ ಅವನಿಗೆ ಸರಿ ಬರುದಿಲ್ಲ. ಕೊನೆಗೆ ನಾನೇ ಕನ್ನಡಕ್ಕೆ ಮಾಡಿ ಹೇಳಿದೆ. ಹೆಸರು, ಊರು, ಅಪ್ಪನ ಹೆಸರು, ಆಧಾರ್ ಉಂಟಾ, ಶಾಲೆಗೆ ಹೋಗಿದ್ದೀಯಾ, ಎಲ್ಲ ಹೇಳಿದ. ಅಷ್ಟರಲ್ಲಿ ಅವರು ಕೇಳಿದ್ರು, ರಾತ್ರಿ ಯಾರಾದ್ರೂ ತೊಂದರೆ ಕೊಟ್ಟಿದ್ದಾರಾ, ಮೈ ಮುಟ್ಟಿದ್ದಾರಾ ಅಂತ. ನಾನು ಅದನ್ನು ಕನ್ನಡದಲ್ಲಿ ಕೇಳಿದೆ. ಹುಡುಗ ಬಾಯಿ ತೆರೆದ. ನನ್ನ ಮುಖ ನೋಡಿದ. ಬಾಯಿ ಮುಚ್ಚಿದ. ಮತ್ತೆ ಮೇಲೆ ಫ್ಯಾನ್ ನೋಡ್ಲಿಕ್ಕೆ ಸುರು ಮಾಡಿದ. ಅವರು ಸ್ವಲ್ಪ ಕಾದು "ಇಲ್ಲ" ಅಂತ ಬರ್ಕೊಂಡ್ರು. ನಾಳೆಯಿಂದಲೂ ಅದೇ ಅಂಗಡಿ ಎದುರು ನನ್ನ ಮುಖ ನೋಡ್ಕೊಂಡು ಇರಬೇಕಾದವ, ಆ ಮಾತು ನನ್ನ ಬಾಯಿಂದ ದಾಟಿ ಹೋಗುದು ಅವನಿಗೆ ಬೇಡ ಇತ್ತು. ನಾನು ಎದ್ದು ಹೊರಗೆ ಹೋಗ್ಬೇಕಿತ್ತು, ಆದ್ರೆ ನಾನು ಹೋದ್ರೆ ಅಲ್ಲಿ ಅವನ ಮಾತು ತಿಳಿಯುವವರು ಇನ್ನೊಬ್ಬರು ಇರಲಿಲ್ಲ. ಆ ಒಂದು ಉತ್ತರ ನಾನು ಇದ್ದದ್ದಕ್ಕೆ ಹೋಯ್ತು, ಇಲ್ಲದಿದ್ರೆ ಎಲ್ಲ ಉತ್ತರವೂ ಹೋಗ್ತಿತ್ತು.

ಮನಸ್ಸಿನ ಸ್ಥಿತಿ ಅಂತ ಒಂದು ಕಾಲಂ ಇತ್ತು, ಅಲ್ಲಿ ನಾರ್ಮಲ್ ಅಂತ ಬರೆದ್ರು. ಕೈಯ ಗೀರು ನಾನು ತೋರಿಸಿದೆ, ನಿದ್ದೆ ಬಾರದ್ದು ಹೇಳಿದೆ. ಕೌನ್ಸೆಲರ್ ನೋಡ್ತಾರೆ ಅಂದ್ರು. ನೋಡಿದ್ದಾರಂತೆ, ಒಂದೇ ಸಲ, ಕನ್ನಡ ಬಾರದವರು. ಸ್ವಲ್ಪ ದಿನದಲ್ಲಿ ಊರಿನ ವಿಳಾಸ ಸಿಕ್ಕಿತು, ಜೊತೆಗೆ ಜನ ಮಾಡಿ ಕಳಿಸಿಕೊಟ್ರು ಅಂತ ಗೊತ್ತಾಯ್ತು. ನಂಗೆ ಸಮಾಧಾನ ಆಯ್ತು, ಮನೆಯಲ್ಲಿ ಪಾಯಸ ಮಾಡಿಸಿದೆ.

ನಾಲ್ಕು ತಿಂಗಳಿಗೆ ಅವ ವಾಪಾಸ್ ಬಂದ. ಇನ್ನೂ ಸಣಕಲಾಗಿದ್ದ, ಹಲ್ಲು ಒಂದು ಹೋಗಿತ್ತು. ಊರಲ್ಲಿ ಎಂತ ಆಯ್ತು, ಯಾರ ಮನೆಗೆ ಬಿಟ್ರು, ಯಾರು ಹೊಡೆದ್ರು, ಏನೂ ಹೇಳ್ಲಿಕ್ಕೆ ತಯಾರಿಲ್ಲ. ನಾನು ಸ್ಟೇಷನ್ನಿಗೇ ಹೋಗಿ ಕರೆದೆ. ದೂರ ನಿಂತು ಒಂದೇ ಮಾತು ಹೇಳಿದ, "ನೀವ ಹಿಡಕೊಟ್ರಲ್ರೀ ನನ್ನ." ಆಮೇಲೆ ನನ್ನ ಅಂಗಡಿಗೆ ಬರಲಿಲ್ಲ, ಮಳೆ ಬಂದ್ರೂ. ಬಿಸು (ವಿಷು) ಹಬ್ಬಕ್ಕೆ ಒಂದು ವಾರ ಇರುವಾಗ ಕೊನೆ ಸಲ ನೋಡಿದ್ದು.

ಮಾನ್ಯರೇ, 2011ರ ಜನಗಣತಿಯಲ್ಲಿ ದೇಶದಲ್ಲಿ ಭಿಕ್ಷುಕರು, ಅಲೆಮಾರಿಗಳು 4.13 ಲಕ್ಷ ಅಂತ ಎಣಿಸಿದ್ರು. 2021ರಲ್ಲಿ ಸುಪ್ರೀಂ ಕೋರ್ಟ್, ಭಿಕ್ಷುಕರನ್ನು ರಸ್ತೆಯಿಂದ ಓಡಿಸಿ ಅಂತ ಆದೇಶ ಕೊಡ್ಲಿಕ್ಕೆ ಒಪ್ಪಲಿಲ್ಲ, ಬೇರೆ ದಾರಿ ಇಲ್ಲದವರು ಬೇಡ್ತಾರೆ, ಇದು ಬಡತನದ ಪ್ರಶ್ನೆ ಅಂತ ಹೇಳಿತು. ಸರಿಯಾದ ಮಾತು. ಆದ್ರೆ ಓಡಿಸದೆ ಬಿಟ್ಟರೆ ಸಾಲದು, ಹಿಡಿದು ರೈಲು ಹತ್ತಿಸಿದ್ರೂ ಸಾಲದು. ಮೈಯನ್ನು ಊರಿಗೆ ಮುಟ್ಟಿಸಬಹುದು, ಅವನ ಹೆದರಿಕೆಯನ್ನು ಇಳಿಸಿ ಕಳಿಸಿದವರು ಯಾರು? ಆ ಹೆದರಿಕೆಗೆ ಅವನ ಹತ್ರ ಇದ್ದ ಮಾತು ರಾಯಚೂರು ಕಡೆಯ ಕನ್ನಡ ಒಂದೇ, ಮಲಯಾಳದ ಫಾರಂನಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ನನ್ನ ಮೊದಲ ಬೇಡಿಕೆ ಅದೇ. ಸಮಿತಿ ಎದುರು ಬರುವ ಮಗುವಿನ ಭಾಷೆ ಬರುವ, ಗುಟ್ಟು ಕಾಪಾಡ್ಲಿಕ್ಕೆ ತರಬೇತಿ ಆದ ದುಭಾಷಿಗಳ ಒಂದು ಪಟ್ಟಿ ನಮ್ಮ ಜಿಲ್ಲೆಗೆ ಬೇಕು. ಕನ್ನಡ, ತುಳು, ತೆಲುಗು, ತಮಿಳು, ಮರಾಠಿ, ಹಿಂದಿ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ಎಲ್ಲ ಸಭೆಯಲ್ಲೂ ಹೇಳ್ತೇವೆ, ಇಲ್ಲಿ ಜನ ಸಿಗುದು ಕಷ್ಟ ಅಲ್ಲ. ರಿಟೈರ್ಡ್ ಕನ್ನಡ ಟೀಚರ್‌ಗಳು ಎಷ್ಟು ಜನ ಇದ್ದಾರೆ, ಕರೆದ್ರೆ ಬರ್ತಾರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾನೂನಲ್ಲಿ ಮಗುವಿನ ಹೇಳಿಕೆಗೆ ದುಭಾಷಿಯ ಸಹಾಯ ತಗೊಳ್ಳಿಕ್ಕೆ 2012ರಿಂದಲೇ ಅವಕಾಶ ಉಂಟು, ಅದೇ ಕ್ರಮವನ್ನು ಭಿಕ್ಷೆಯ ಮಕ್ಕಳಿಗೂ ಮೊದಲ ದಿನದಿಂದ ತನ್ನಿ. ಜೀಪ್ ಹತ್ತಿಸುವ ಮೊದಲೇ, ನಿನ್ನನ್ನು ಎಲ್ಲಿಗೆ ಕರ್ಕೊಂಡು ಹೋಗ್ತೇವೆ, ಯಾಕೆ, ಅಲ್ಲಿ ಯಾರೂ ಹೊಡಿಯುದಿಲ್ಲ ಅಂತ ಅವನ ಭಾಷೆಯಲ್ಲಿ ಹೇಳುವವರು ಇರ್ಬೇಕು. ದಾರಿ ಬದಿಯ ಅಂಗಡಿಯವನನ್ನು ಕೂರಿಸಿ ಆ ಕೆಲಸ ಮಾಡಿಸ್ಬೇಡಿ. ನನ್ನನ್ನೂ ಸೇರಿಸಿ ಹೇಳ್ತಿದ್ದೇನೆ.

ಮತ್ತೆ ಆ ನಾರ್ಮಲ್ ಅನ್ನುವ ಶಬ್ದ. ಹತ್ತು ನಿಮಿಷ ನೋಡಿ ಅದನ್ನು ಬರೀಬಾರದು. ಊರಿಗೆ ಕಳಿಸುವ ಮೊದಲು ಮಾನಸಿಕ ಆರೋಗ್ಯ ಕಾರ್ಯಕ್ರಮದ ಡಾಕ್ಟರ್ ನೋಡ್ಲೇಬೇಕು ಅಂತ ಒಂದು ಆದೇಶ ಮಾಡಿ, ಒಂದು ಸಲ ಅಲ್ಲ, ಮೂರ್ನಾಲ್ಕು ಸಲ ಕೂತು ಮಾತಾಡಿದ ಮೇಲೆ. ಅಕ್ಕನ ಮಗಳು ಹೇಳಿದ್ದು, ಇಂಥ ಮಕ್ಕಳು ಮೊದಲ ದಿನ ಏನೂ ಹೇಳುದಿಲ್ಲ, ಹೇಳಿಸ್ಲಿಕ್ಕೂ ಬಾರದು, ಮೊದಲು ನಂಬಿಕೆ ಬರ್ಬೇಕು, ಅದಕ್ಕೆ ಒಬ್ಬರೇ ಮುಖ ಮತ್ತೆ ಮತ್ತೆ ಕಾಣ್ಬೇಕು. ಸೊಲ್ಯೂಷನ್ ಚಟ ಇದ್ದವರಿಗೆ ಅದನ್ನು ಬಿಡಿಸುವ ಚಿಕಿತ್ಸೆ ಬೇರೆಯೇ ಬೇಕು, ಬೈದು, ಕೂಡಿ ಹಾಕಿ ಬಿಡಿಸ್ಲಿಕ್ಕೆ ಆಗುದಿಲ್ಲ. ನಮ್ಮ ಜಿಲ್ಲೆಯಲ್ಲಿ ಸ್ಪೆಷಲಿಸ್ಟ್ ಡಾಕ್ಟರ್‌ಗಳ ಕೊರತೆ ನಿಮಗೆ ನಾನು ಹೇಳ್ಬೇಕಾದ್ದಿಲ್ಲ, ಸ್ವಲ್ಪ ದೊಡ್ಡ ಕಾಯಿಲೆ ಆದ್ರೂ ನಾವು ತಲಪಾಡಿ ಗಡಿ ದಾಟಿ ಮಂಗಳೂರಿಗೇ ಓಡುವವರು, 2020ರಲ್ಲಿ ಕೊರೋನಾ ಅಂತ ಗಡಿ ಮುಚ್ಚಿ ಆ ರೋಡಿಗೆ ಮಣ್ಣು ಹಾಕಿದಾಗ ಎಂತ ಆಯ್ತು ಅಂತ ಇಡೀ ಜಿಲ್ಲೆಗೆ ಗೊತ್ತುಂಟು. ನಮಗಾದ್ರೆ ಓಡ್ಲಿಕ್ಕೆ ಕಾರು ಉಂಟು, ಕರ್ಕೊಂಡು ಹೋಗುವವರು ಇದ್ದಾರೆ. ಟೆಲಿ ಮಾನಸ್ ಅಂತ ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ, 14416 ನಂಬರ್, 2022ರಿಂದ ಉಂಟು, ಕನ್ನಡದಲ್ಲೂ ಉಂಟು, ಒಳ್ಳೆಯದೇ, ಆದ್ರೆ ಕೈಯಲ್ಲಿ ಫೋನ್ ಇಲ್ಲದ ಹುಡುಗನಿಗೆ ಅದನ್ನು ಒತ್ತಿ ಕೊಡುವವರು ಬೇಕಲ್ಲ.

ಊರಿಗೆ ಕಳಿಸುವ ವಿಷಯ. ಬಾಲ ನ್ಯಾಯ ಕಾಯ್ದೆಯ 95ನೇ ಸೆಕ್ಷನ್‌ನಲ್ಲಿ, ಬೇರೆ ಕಡೆಯ ಮಗುವನ್ನು ಕಳಿಸುವ ಮೊದಲು ಅದಕ್ಕೆ ಒಳ್ಳೆದಾಗ್ತದಾ ಅಂತ ವಿಚಾರಿಸ್ಬೇಕು, ಅಲ್ಲಿಯ ಸಮಿತಿ ಹತ್ರ ಮಾತಾಡ್ಬೇಕು, ಕಾಗದಪತ್ರ ಜೊತೆಗೆ ಹೋಗ್ಬೇಕು ಅಂತ ಉಂಟು. ಆ ಕಾಗದದಲ್ಲಿ ಅವನ ನಿದ್ದೆ, ಗೀರು, ಚಟ, ಕೊಟ್ಟ ಔಷಧ ಎಲ್ಲ ಬರೆದಿರ್ಬೇಕು, ಕನ್ನಡದ ಜಿಲ್ಲೆಗೆ ಹೋಗುದಾದ್ರೆ ಕನ್ನಡದಲ್ಲಿ. ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳು ಬಿಟ್ಟು ಮಗು ಹೇಗಿದ್ದಾನೆ ಅಂತ ಇಲ್ಲಿಂದ ಒಂದು ಫೋನ್ ಹೋಗ್ಬೇಕು. ಮಕ್ಕಳ ರಕ್ಷಣೆಗೆ ಕೇಂದ್ರದವರು ಮಾಡಿದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಉಂಟು, ಇಂಥವರಿಗೆ ಅದು ಸಿಗುವ ಹಾಗೆ ಆ ಕಡೆಯವರಿಗೆ ಬರೆದು ಕಳಿಸಿ. ದಕ್ಷಿಣ ಕನ್ನಡ ಜಿಲ್ಲೆಯ ಸಮಿತಿ ಜೊತೆ ಕೂತು ಮಾತಾಡುದಂತೂ ತುರ್ತಾಗಿ ಆಗ್ಬೇಕು, ಮಂಗಳೂರಿಂದ ಲೋಕಲ್ ರೈಲು ಹತ್ತಿದ್ರೆ ಒಂದು ಗಂಟೆಯಲ್ಲಿ ಈ ಮಕ್ಕಳು ರಾಜ್ಯ ದಾಟಿ ಬರ್ತಾರೆ, ಫೈಲ್ ಮಾತ್ರ ಗಡಿಯಲ್ಲೇ ನಿಲ್ತದೆ.

ಹದಿನೆಂಟು ದಾಟಿದವರದ್ದು ಕೂಡ ಹೇಳ್ಬೇಕು. ಬಾಲಮಂದಿರದಿಂದ ಹೊರಗೆ ಬರುವವರಿಗೆ 21ರವರೆಗೆ ಆಸರೆ ಕೊಡ್ಲಿಕ್ಕೆ ಕಾಯ್ದೆಯಲ್ಲಿ ಜಾಗ ಉಂಟು, ರಸ್ತೆಯಲ್ಲೇ ಹದಿನೆಂಟು ತುಂಬಿದವನಿಗೆ ಎಂತ ಉಂಟು? ಸ್ಟೇಷನ್ನಲ್ಲಿ ಅಂಥವರು ಮೂರ್ನಾಲ್ಕು ಜನ ಇದ್ದಾರೆ, ಒಬ್ಬ ದಿನವಿಡೀ ಗೋಡೆ ಹತ್ರ ಮಾತಾಡ್ತಿರ್ತಾನೆ. ಹಾಗೆ ಮನಸ್ಸು ಸರಿ ಇಲ್ಲದೆ ಅಲೆಯುವವರನ್ನು ಕಂಡರೆ ರಕ್ಷಣೆಗೆ ತಗೊಂಡು 24 ಗಂಟೆ ಒಳಗೆ ಆಸ್ಪತ್ರೆಗೆ ಮುಟ್ಟಿಸುವ ಕರ್ತವ್ಯ 2017ರ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಪೊಲೀಸರಿಗೇ ಉಂಟು. ರಾತ್ರಿ ಲಾಠಿ ತೋರಿಸಿ ಎಬ್ಬಿಸುವವರಿಗೆ ಇದನ್ನು ಯಾರಾದ್ರೂ ತಿಳಿಸಿ ಹೇಳಿದ್ರೆ ಉಪಕಾರ ಆಗ್ತದೆ.

ಇನ್ನು ನನ್ನ ಕಸುಬಿನವರ ವಿಷಯ. ಜಿಲ್ಲೆಯ ಪಂಚರ್ ಅಂಗಡಿ, ಹಾರ್ಡ್‌ವೇರ್, ಸ್ಟೇಷನರಿಯವರನ್ನು ಒಂದು ಸಲ ಕರೆಸಿ, ಈ ಟ್ಯೂಬ್, ಥಿನ್ನರ್ ಮಕ್ಕಳ ಕೈಗೆ ಕೊಡ್ಬೇಡಿ ಅಂತ ಹೇಳಿ. ಆದೇಶ ಮಾಡ್ಲಿಕ್ಕೆ ಆದ್ರೆ ಮಾಡಿ. ಹೆಚ್ಚಿನವರಿಗೆ ಗೊತ್ತೇ ಇಲ್ಲ, ನಂಗೆ ಗೊತ್ತಿಲ್ಲದ ಹಾಗೆಯೇ. ನಾನು ಈಗ ಸೊಲ್ಯೂಷನ್ ಬೀಗ ಹಾಕಿದ ಡ್ರಾಯರ್‌ನಲ್ಲಿ ಇಡ್ತೇನೆ, ಪಂಚರ್ ಆದ ಗಾಡಿ ಎದುರು ಬಂದ್ರೆ ಮಾತ್ರ ತೆಗಿಯುದು. ಹತ್ತಿರದ ನಾಲ್ಕು ಅಂಗಡಿಯವರಿಗೆ ಹೇಳಿದ್ದೇನೆ, ಇಬ್ಬರು ಒಪ್ಪಿದ್ದಾರೆ.

ಈ ಪತ್ರವನ್ನು ಓದುವ ನನ್ನ ಊರಿನವರಿಗೂ ಒಂದು ಮಾತು. ಚಿಲ್ಲರೆ ಕೊಡಿ, ಬಿಡಿ, ಅದು ನಿಮ್ಮ ಇಷ್ಟ. ದೊಡ್ಡ ಹುಡುಗ ಕೈ ಚಾಚಿದಾಗ ಬೈಯ್ಬೇಡಿ, ಅವ ಸಣ್ಣವ ಇರುವಾಗ ನೀವು ನೋಡಿರುವ ಹುಡುಗನೇ ಆಗಿರಬಹುದು.

ಆ ಹುಡುಗ ಮಂಗಳೂರು ಕಡೆ ಹೋಗಿರಬಹುದು, ಕಣ್ಣೂರು ಕಡೆ ಹೋಗಿರಬಹುದು. ಈ ಮಳೆಗಾಲಕ್ಕೆ ಮತ್ತೆ ಬಂದ್ರೂ ಬರಬಹುದು. ಬಂದ್ರೆ ಈ ಸಲ ನಾನು ಯಾರಿಗೆ ಫೋನ್ ಮಾಡ್ಬೇಕು ಅಂತ ದಯವಿಟ್ಟು ತಿಳಿಸಿ. ಅವನ ಹತ್ರ ಕನ್ನಡದಲ್ಲಿ ಮಾತಾಡುವ ಒಬ್ಬರ ನಂಬರ್ ಕೊಟ್ಟರೆ ಕಂಪ್ರೆಸರ್ ಸ್ವಿಚ್ಚಿನ ಪಕ್ಕ ಗೋಡೆಯಲ್ಲಿ ಬರೆದಿಡ್ತೇನೆ.

ಇತಿ ತಮ್ಮ ವಿಧೇಯ,
ಹೈವೇ ಬದಿಯ ಪಂಚರ್ ಅಂಗಡಿಯವ
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ